ನೈಜರ್ ಹೊಳೆಯಲ್ಲಿ ಟಿಂಬಕ್ಟುವಿಗೆ ದೋಣಿಯಲ್ಲಿ ಹೋಗಬಹುದಾ?

ಪ್ರಶ್ನೆ: ನಾನು ಹರಿಹರದವನು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಪಾಠ ಮಾಡಿ ನಿವೃತ್ತನಾಗಿದ್ದೇನೆ. ವಯಸ್ಸು 63. ನೈಜರ್ ನದಿಯ ಬಿಲ್ಲಿನಂಥ ತಿರುವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಈಗ ಮಗ ಸೆನೆಗಲ್‌ನ ಡಕಾರ್‌ನಲ್ಲಿ ಎರಡು ವರ್ಷದ ಕೆಲಸಕ್ಕೆ ಹೋಗಿದ್ದಾನೆ. ಅವನಲ್ಲಿಗೆ ಹೋದಾಗ ಮಾಲಿ ದೇಶದ ಮೊಪ್ಟಿಯಿಂದ ಟಿಂಬಕ್ಟುವಿಗೆ ದೋಣಿಯಲ್ಲಿ ಹೋಗಬೇಕು ಅಂತ ನನಗೂ ಮನೆಯವಳಿಗೂ ಆಸೆ. ನಮ್ಮ ತುಂಗಭದ್ರೆಯ ಹಾಗೆ ಆಗಸ್ಟ್‌ನಲ್ಲಿ ಹೊಳೆ ತುಂಬಿರುತ್ತದೆ ಅಂದುಕೊಂಡು ಆಗಸ್ಟ್‌ಗೆ ಯೋಚನೆ ಮಾಡಿದ್ದೇವೆ. ಸರಿಯೇ? ಎಷ್ಟು ದಿನ ಹಿಡಿಯುತ್ತದೆ? ನಾವು ಸಸ್ಯಾಹಾರಿಗಳು, ಊಟಕ್ಕೇನು? ಅಲ್ಲಿ ಗಲಾಟೆ ಇದೆ ಅನ್ನುತ್ತಾರಲ್ಲ, ಅಪಾಯ ಎಷ್ಟು?

ಉತ್ತರ:

ಮೇಷ್ಟ್ರೇ, ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಈಗ ಹೋಗಬೇಡಿ. ಯಾವ ಏಜೆಂಟ್ ಬಂದು "ನಮ್ಮ ಜನ ಇದ್ದಾರೆ, ಏನೂ ಆಗಲ್ಲ" ಅಂದರೂ ಹೋಗಬೇಡಿ.

ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. 2005ರಿಂದ 2011ರವರೆಗೆ ನಾನು ಮಾಲಿಯಲ್ಲಿ ನೀರಾವರಿ ಪಂಪುಗಳ ಕೆಲಸದಲ್ಲಿದ್ದೆ. ಮೊಪ್ಟಿಯಿಂದ ಟಿಂಬಕ್ಟುವಿಗೆ ಮೂರು ಸಲ ದೋಣಿಯಲ್ಲೇ ಹೋಗಿದ್ದೇನೆ. ಆಗ ನೀವು ಕೇಳಿದ್ದರೆ "ಹೊರಡಿ, ನಾನೂ ಬರ್ತೀನಿ" ಅನ್ನುತ್ತಿದ್ದೆ. 2012ರಲ್ಲಿ ಹಥಿಯಾರು ಹಿಡಿದ ಗುಂಪುಗಳು ಟಿಂಬಕ್ಟುವನ್ನು ವಶ ಮಾಡಿಕೊಂಡವು. ಅಲ್ಲಿನ ಸಂತರ ಗೋರಿಗಳನ್ನು ಹಾರೆ ಗುದ್ದಲಿ ತಂದು ಕೆಡವಿದರು. ಮರುವರ್ಷ ಊರು ಬಿಡುಗಡೆಯಾಯಿತು, ಆದರೆ ದಾರಿ ನೆಟ್ಟಗಾಗಲಿಲ್ಲ. 2023ರ ಸೆಪ್ಟೆಂಬರ್ 7ರಂದು ಟಿಂಬಕ್ಟು ಮತ್ತು ಗಾವೊ ನಡುವೆ ಹೊಳೆಯ ಮೇಲೆ ಹೋಗುತ್ತಿದ್ದ ಪ್ರಯಾಣಿಕರ ಹಡಗಿನ ಮೇಲೆ ದಾಳಿ ನಡೆಯಿತು. ಅದೇ ದಿನ ಬಾಂಬಾ ಎಂಬಲ್ಲಿನ ಸೈನಿಕ ನೆಲೆಯ ಮೇಲೂ ದಾಳಿಯಾಯಿತು. ಎರಡೂ ಸೇರಿ 49 ನಾಗರಿಕರು, 15 ಸೈನಿಕರು ಸತ್ತರೆಂದು ಅಲ್ಲಿನ ಸರಕಾರ ಹೇಳಿತು. ಹಡಗಿನಲ್ಲಿದ್ದವರು ಸಂತೆಗೆ, ನೆಂಟರ ಮನೆಗೆ, ಮಕ್ಕಳನ್ನು ಕರೆದುಕೊಂಡು ಹೊರಟಿದ್ದ ಸಾಮಾನ್ಯ ಜನ. ಹಡಗಿನ ಹೆಸರೇ 'ಟೊಂಬುಕ್ಟು'.

ಡಕಾರ್‌ನಿಂದ ರಸ್ತೆಯಲ್ಲಿ ಮಾಲಿಯ ರಾಜಧಾನಿ ಬಮಾಕೊಗೆ ಹೋಗೋಣ ಅಂತ ಮಗ ಯೋಚಿಸಿದ್ದರೆ ಅದನ್ನೂ ಕೈಬಿಡಿ. ಆ ದಾರಿ ಮಾಲಿಯ ಪಶ್ಚಿಮದ ಕಾಯೆಸ್ ಊರಿನ ಮೇಲೆ ಹಾದುಹೋಗುತ್ತದೆ. 2025ರ ಜುಲೈ 1ರಂದು ಅದೇ ಕಾಯೆಸ್‌ನ ಒಂದು ಸಿಮೆಂಟ್ ಕಾರ್ಖಾನೆಯಿಂದ ಹಥಿಯಾರು ಹಿಡಿದವರು ಮೂವರು ಭಾರತೀಯರನ್ನು ಎತ್ತಿಕೊಂಡು ಹೋದರು. ಅದೇ ವರ್ಷ ಸೆಪ್ಟೆಂಬರ್‌ನಿಂದ ಇಂಧನದ ಟ್ಯಾಂಕರುಗಳನ್ನು ದಾರಿಯಲ್ಲೇ ಸುಡುವುದು ಶುರುವಾಗಿ ಬಮಾಕೊದಲ್ಲೇ ಪೆಟ್ರೋಲಿಗೆ ಪರದಾಡುವ ಹಾಗಾಯಿತು.

ಇಷ್ಟು ಹೇಳಿ ಮುಗಿಸಿಬಿಡಬಹುದಿತ್ತು. ಆದರೆ ಮೂವತ್ತು ವರ್ಷ ಆ ತಿರುವನ್ನು ಬೋರ್ಡಿನ ಮೇಲೆ ಬರೆದವರಿಗೆ ಬರೀ "ಬೇಡ" ಅಂದರೆ ನ್ಯಾಯವಲ್ಲ. ಅಲ್ಲದೆ ನಿಮ್ಮ ಪತ್ರದಲ್ಲಿ ಒಂದು ತಪ್ಪೆಣಿಕೆ ಇದೆ. ಅದನ್ನು ಬಿಡಿಸಿದರೆ ಆ ಹೊಳೆಯ ಸ್ವಭಾವವೇ ತಿಳಿದುಬಿಡುತ್ತದೆ. ಆಮೇಲೆ, ಮಗನ ಮನೆಗೆ ಹತ್ತಿರದಲ್ಲೇ ಇನ್ನೊಂದು ಅಗಲವಾದ ಹೊಳೆಯಿದೆ. ಅಲ್ಲಿ ನೀವಿಬ್ಬರೂ ದೋಣಿ ಹತ್ತಬಹುದು. ಅದನ್ನೂ ಹೇಳುತ್ತೇನೆ.

ತಪ್ಪೆಣಿಕೆ ಅಂದರೆ ಆಗಸ್ಟ್. ತುಂಗಭದ್ರೆಯಲ್ಲಿ ಮಲೆನಾಡಿನ ಮಳೆ ಬಿದ್ದ ಕೆಲವೇ ದಿನಕ್ಕೆ ಹರಿಹರದ ಸೇತುವೆ ಕೆಳಗೆ ಕೆಂಪು ನೀರು ಬರುತ್ತದೆ, ಅಲ್ವಾ? ನೈಜರ್ ಹಾಗಲ್ಲ. ಅದು ಹುಟ್ಟುವುದು ಗಿನಿ ದೇಶದ ಗುಡ್ಡಗಳಲ್ಲಿ, ಅಟ್ಲಾಂಟಿಕ್ ಸಮುದ್ರದಿಂದ ಬರೀ 240 ಕಿ.ಮೀ. ದೂರದಲ್ಲಿ. ಆದರೆ ಸಮುದ್ರಕ್ಕೆ ಬೆನ್ನು ಹಾಕಿ ಈಶಾನ್ಯಕ್ಕೆ, ಸೀದಾ ಸಹಾರಾದ ಕಡೆ ಹರಿಯುತ್ತದೆ. ಟಿಂಬಕ್ಟು ದಾಟಿ ಬಾಗಿ, ನೈಜರ್ ದೇಶ, ನೈಜೀರಿಯಾ ಸುತ್ತಿ ಸುಮಾರು 4,180 ಕಿ.ಮೀ. ಹರಿದು ಸಮುದ್ರ ಸೇರುತ್ತದೆ. ಗಿನಿಯ ಗುಡ್ಡದಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ. ಬಮಾಕೊ ಪಕ್ಕದ ಕೂಲಿಕೊರೊದಲ್ಲಿ ಹೊಳೆ ತುಂಬುವುದು ಸೆಪ್ಟೆಂಬರ್‌ನಲ್ಲಿ. ಮೊಪ್ಟಿಯಲ್ಲಿ ತುಂಬುವುದು ಅಕ್ಟೋಬರ್, ನವೆಂಬರ್‌ಗೆ. ಟಿಂಬಕ್ಟುವಿನಲ್ಲಿ ಡಿಸೆಂಬರ್, ಜನವರಿಗೆ. ಆ ಹೊತ್ತಿಗೆ ಟಿಂಬಕ್ಟುವಿನಲ್ಲಿ ಮಳೆ ನಿಂತು ಮೂರು ತಿಂಗಳಾಗಿರುತ್ತದೆ. ಆಕಾಶದಲ್ಲಿ ಒಂದು ಮೋಡ ಇಲ್ಲ, ಗಾಳಿಯಲ್ಲಿ ಮರಳಿನ ಪುಡಿ, ಆದರೆ ಹೊಳೆ ದಿನದಿನಕ್ಕೆ ಏರುತ್ತಿದೆ! ನಾನು ಮೊದಲ ಸಲ ನೋಡಿದಾಗ ನಂಬಲಿಲ್ಲ. ದಡದಲ್ಲಿ ಒಂದು ಕಡ್ಡಿ ನೆಟ್ಟು ಮರುದಿನ ಹೋಗಿ ನೋಡಿದೆ. ನೀರು ಒಂದು ಬೆರಳು ಮೇಲೆ ಬಂದಿತ್ತು.

ಇಷ್ಟು ತಡ ಯಾಕೆ? ನಡುವೆ ಇರುವ ಬಯಲು ಕಾರಣ. ಸೆಗೂ ಎಂಬ ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ ನೆಲ ತಟ್ಟೆಯ ಹಾಗೆ ಸಪಾಟು. ಕಿ.ಮೀ.ಗೆ ಕೆಲವೇ ಸೆಂಟಿಮೀಟರ್ ಇಳಿಜಾರು. ಹೊಳೆ ಅಲ್ಲಿ ನೂರಾರು ಕವಲಾಗಿ ಒಡೆದು ಹರಡಿಕೊಳ್ಳುತ್ತದೆ. ಒಳನಾಡಿನ ಮುಖಜ ಭೂಮಿ ಅಂತ ನೀವೇ ಪಾಠ ಮಾಡಿರುತ್ತೀರಿ. ಒಳ್ಳೆ ಮಳೆ ಬಂದ ವರ್ಷ 20,000 ಚದರ ಕಿ.ಮೀ.ಗೂ ಜಾಸ್ತಿ ಬಯಲು ನೀರಿನಡಿ ಹೋಗುತ್ತದೆ. 1984ರ ಬರಗಾಲದಲ್ಲಿ ಅದು 10,000ಕ್ಕೂ ಕೆಳಗೆ ಇಳಿದಿತ್ತು. ನೀರು ಆ ಬಯಲಿನಲ್ಲಿ ತೂಕಡಿಸುತ್ತಾ ನಡೆಯುತ್ತದೆ. ಬಿಸಿಲಿಗೆ ಆರಿ, ನೆಲಕ್ಕೆ ಇಂಗಿ, ಬಂದ ನೀರಲ್ಲಿ ಹತ್ತಿರ ಹತ್ತಿರ ಅರ್ಧ ಅಲ್ಲೇ ಹೋಗುತ್ತದೆ. ಉಳಿದದ್ದು ಟಿಂಬಕ್ಟು ಮುಟ್ಟುತ್ತದೆ.

ಆ ಹೊಳೆಯ ಮೇಲಿನ ಬದುಕೆಲ್ಲ ಈ ತಡದ ಲೆಕ್ಕದಲ್ಲೇ ನಡೆಯುತ್ತದೆ. ನೀರು ಏರುವಾಗ ಜೊತೆಗೇ ಏರುವ ಭತ್ತವಿದೆ. ಅದು ಆಫ್ರಿಕಾದ್ದೇ ತಳಿ, ಏಷ್ಯಾದಿಂದ ಹೋದದ್ದಲ್ಲ. ನೀರಿನಲ್ಲಿ ಆಳೆತ್ತರಕ್ಕೂ ಮೇಲೆ ಬೆಳೆಯುವ ಬುರ್ಗು ಎಂಬ ಹುಲ್ಲಿದೆ. ನೀರು ಇಳಿದ ಮೇಲೆ ಫುಲಾನಿ ದನಗಾಹಿಗಳು ಆ ಹುಲ್ಲಿಗಾಗಿ ಲಕ್ಷಾಂತರ ದನ ಹೊಡೆದುಕೊಂಡು ಬರುತ್ತಾರೆ. ಡಿಯಾಫರಾಬೆ ಎಂಬಲ್ಲಿ ದನಗಳನ್ನು ಈಜಿಸಿ ಹೊಳೆ ದಾಟಿಸುವ ದಿನ ದೊಡ್ಡ ಜಾತ್ರೆ. ಯಾವ ದಿನ ದಾಟಬೇಕು ಅನ್ನುವುದು ಕೂಡ ನೀರಿನ ಮಟ್ಟ ನೋಡಿಯೇ ತೀರ್ಮಾನ. ಮೀನು ಹಿಡಿಯುವ ಬೋಜೊ ಜನರನ್ನು 'ನೀರಿನ ಒಡೆಯರು' ಅನ್ನುತ್ತಾರೆ. ಅವರು ಇಳಿಯುವ ನೀರಿನ ಹಿಂದೆಯೇ ಬಲೆ ಹಿಡಿದು ಊರೂರು ಸಾಗುತ್ತಾರೆ.

ದೋಣಿಗಳೂ ಹಾಗೇ. ರೈಲು 1904ರಲ್ಲಿ ಕೂಲಿಕೊರೊ ಮುಟ್ಟಿತು. ಬಮಾಕೊ ಹತ್ತಿರ ಬಂಡೆಗಳಿರುವ ಕಾರಣ ದೊಡ್ಡ ಹಡಗುಗಳು ಕೂಲಿಕೊರೊದಿಂದಲೇ ಹೊರಡುತ್ತಿದ್ದವು. ಮೊಪ್ಟಿ, ಟಿಂಬಕ್ಟು, ಗಾವೊ, ಸುಮಾರು 1,300 ಕಿ.ಮೀ. ಆದರೆ ವರ್ಷದಲ್ಲಿ ನಾಲ್ಕೈದು ತಿಂಗಳು ಮಾತ್ರ. ನೀರು ಇಳಿಯಿತೆಂದರೆ ಹಡಗು ದಡದಲ್ಲಿ ನಿಲ್ಲುತ್ತಿತ್ತು. ಫ್ರೆಂಚ್ ಪ್ರಯಾಣಿಕ ರೆನೆ ಕಾಯೆ 1828ರಲ್ಲಿ ಅರಬ್ಬಿ ವೇಷ ಹಾಕಿಕೊಂಡು ಜೆನ್ನೆ ಎಂಬ ಊರಿನಿಂದ ದೋಣಿ ಹತ್ತಿದ. ಟಿಂಬಕ್ಟು ಮುಟ್ಟಲು ತಿಂಗಳಿಗೆ ಹತ್ತಿರ ಹಿಡಿಯಿತು. ಅವನು ಮುಟ್ಟಿದ್ದು ಏಪ್ರಿಲ್ 20ಕ್ಕೆ. ಏಪ್ರಿಲ್ ಅಂದರೆ ಹೊಳೆಯಲ್ಲಿ ನೀರು ತೀರಾ ಕಡಿಮೆ ಇರುವ ಕಾಲ. ನಾನು 2008ರ ನವೆಂಬರ್‌ನಲ್ಲಿ ಮೊಪ್ಟಿಯಿಂದ ಹೊರಟಾಗ ಮೂರನೇ ದಿನಕ್ಕೆ ತಲುಪಿದೆ. ಎಂಜಿನ್ ಇತ್ತು ನಿಜ. ಆದರೆ ಮುಖ್ಯವಾಗಿ ನೀರಿತ್ತು.

ಆ ದೋಣಿಯ ಬಗ್ಗೆ ಹೇಳಲೇಬೇಕು. ಅದಕ್ಕೆ ಪಿನಾಸ್ ಅನ್ನುತ್ತಾರೆ. ಇಪ್ಪತ್ತು ಮೀಟರಿಗೂ ಉದ್ದ, ನಡುವೆ ಒಬ್ಬ ಮಲಗುವಷ್ಟು ಅಗಲ ಮತ್ತು ಸ್ವಲ್ಪ ಜಾಸ್ತಿ. ಬಾಗಿಸಿದ ಕೋಲುಗಳ ಮೇಲೆ ಚಾಪೆ ಹೊದಿಸಿದ ಮಾಡು. ಹಿಂದೆ ಎಂಜಿನ್. ಎಂಜಿನ್ ಪಕ್ಕದಲ್ಲೇ ಮಣ್ಣಿನ ಒಲೆ. ಮೊಪ್ಟಿಯಲ್ಲಿ ಬಾನಿ ಎಂಬ ಹೊಳೆ ಬಂದು ನೈಜರ್ ಸೇರುತ್ತದೆ. ಆ ದಡದಲ್ಲಿ ಪಿನಾಸ್ ಕಟ್ಟುವವರ ಸಾಲು. ಅಲ್ಲಿ ಒಂದು ಮಧ್ಯಾಹ್ನವೆಲ್ಲ ಕೂತು ನೋಡಿದ್ದೇನೆ. ದಪ್ಪ ಹಲಗೆಗಳನ್ನು ಒಂದಕ್ಕೊಂದು ಜೋಡಿಸಿ ಉದ್ದ ಮೊಳೆ ಹೊಡೆಯುತ್ತಾರೆ. ಮೊಳೆಗಳನ್ನು ಅಲ್ಲೇ ಕುಲುಮೆಯಲ್ಲಿ ಹಳೆ ಕಬ್ಬಿಣದಿಂದ ಬಡಿದು ಮಾಡುತ್ತಾರೆ. ಹಲಗೆ ಹಲಗೆ ನಡುವಿನ ಸಂದಿಗೆ ಹಳೆ ಬಟ್ಟೆಯ ಚಿಂದಿಯನ್ನು ಕರಿತೆ ಬೆಣ್ಣೆಯಲ್ಲಿ ಅದ್ದಿ, ಉಳಿ ಇಟ್ಟು ಸುತ್ತಿಗೆಯಿಂದ ತುರುಕುತ್ತಾರೆ. ಕರಿತೆ ಅಂದರೆ ಅಲ್ಲಿನ ಒಂದು ಮರದ ಬೀಜ. ಅದೇ ಬೆಣ್ಣೆ ಅಡುಗೆಗೂ ಹೌದು, ಮೈಗೂ ಹೌದು. ಒಬ್ಬ ಮುದುಕ ಚಿಂದಿ ತುರುಕುತ್ತಾ ಹೋಗುತ್ತಿದ್ದ. ಅವನ ಮೊಮ್ಮಗ ಹಿಂದೆ ಹಿಂದೆ ಬಂದು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ. ಎಲ್ಲಿ ಬೆರಳು ತಗ್ಗಿತೋ ಅಲ್ಲಿ "ಇಲ್ಲಿ" ಅನ್ನುತ್ತಿದ್ದ. ಮುದುಕ ವಾಪಸ್ ಬಂದು ಮತ್ತೆ ಹೊಡೆಯುತ್ತಿದ್ದ.

ಎಷ್ಟು ತುರುಕಿದರೂ ನೀರು ಒಸರುವುದು ತಪ್ಪುವುದಿಲ್ಲ. ಅದಕ್ಕೇ ಪ್ರತಿ ದೋಣಿಯಲ್ಲೂ ನೀರು ಮೊಗೆಯಲು ಒಬ್ಬ ಹುಡುಗ. ರಾತ್ರಿ ಜೋಳದ ಮೂಟೆಗಳ ಮೇಲೆ ಮಲಗಿದರೆ ಕೆಳಗಡೆ ಅವನು ತಗಡಿನ ಡಬ್ಬದಿಂದ ನೀರು ಮೊಗೆದು ಹೊರಗೆ ಚೆಲ್ಲುವ ಸದ್ದು. ಚಳಕ್, ಚಳಕ್. ಆ ಸದ್ದು ನಿಂತರೆ ಎಚ್ಚರವಾಗುತ್ತಿತ್ತು.

ಹೋಗುವಾಗ ಜೋಳ, ಅಕ್ಕಿ, ಡೀಸೆಲ್ ಪೀಪಾಯಿ, ಈರುಳ್ಳಿ, ಪ್ಲಾಸ್ಟಿಕ್ ಬಿಂದಿಗೆ, ಮೋಟರ್ ಬೈಕು. ಬರುವಾಗ ಉಪ್ಪು. ಟಿಂಬಕ್ಟುವಿನ ಉತ್ತರಕ್ಕೆ ಮರುಭೂಮಿಯ ಒಳಗೆ ತಾವುದೆನ್ನಿ ಎಂಬಲ್ಲಿ ನೆಲದಿಂದ ಉಪ್ಪನ್ನು ಹಲಗೆಗಳಾಗಿ ಕಡಿದು ತೆಗೆಯುತ್ತಾರೆ. ಒಂದೊಂದು ಹಲಗೆ ಹತ್ತಿರ ಹತ್ತಿರ 40 ಕೆ.ಜಿ. ಒಂಟೆಯ ಮೇಲೆ ಟಿಂಬಕ್ಟುವಿಗೆ, ಅಲ್ಲಿಂದ ಪಿನಾಸ್‌ನಲ್ಲಿ ಮೊಪ್ಟಿಗೆ. ದೂರದಿಂದ ನೋಡಿದರೆ ಅಮೃತಶಿಲೆಯ ಚಪ್ಪಡಿ ಅನ್ನಿಸುತ್ತದೆ. ಹತ್ತಿರ ಹೋದರೆ ಬೂದು ಗೆರೆಗಳು ಕಾಣುತ್ತವೆ, ತೊಗಲಿನ ಪಟ್ಟಿಯಿಂದ ಕಟ್ಟಿರುತ್ತಾರೆ. ಅದರ ಮೇಲೆ ಒದ್ದೆ ಕೈ ಇಟ್ಟರೆ ಬೈಯುತ್ತಾರೆ.

ಡೆಬೊ ಸರೋವರದಲ್ಲಿ ದಾರಿ ತೆರೆದುಕೊಳ್ಳುತ್ತದೆ. ಅಲ್ಲಿಯವರೆಗೆ ಎರಡೂ ಕಡೆ ಬುರ್ಗು ಹುಲ್ಲು, ದಿಬ್ಬದ ಮೇಲೆ ಮಣ್ಣಿನ ಮನೆಗಳ ಊರು, ಪ್ರತಿ ಊರಿಗೂ ಮುಳ್ಳುಗಳಂತೆ ಕೋಲು ಚಾಚಿದ ಮಣ್ಣಿನ ಮಸೀದಿ. ಸರೋವರ ಬಂದ ತಕ್ಷಣ ನಾಲ್ಕೂ ಕಡೆ ನೀರೇ. ದಡ ಕಾಣದು. ಗಾಳಿ ಎದ್ದರೆ ಉದ್ದನೆಯ ಪಿನಾಸ್ ನಡು ಮುರಿಯುವ ಹಾಗೆ ಕಿರುಗುಟ್ಟುತ್ತದೆ. ಅದಕ್ಕೇ ತಿಳಿದ ಅಂಬಿಗರು ನಸುಕಿನಲ್ಲೇ ದಾಟುತ್ತಾರೆ. ಗಾಳಿ ಇದ್ದರೆ ಹುಲ್ಲಿನ ಮರೆಯಲ್ಲಿ ದೋಣಿ ಕಟ್ಟಿ ಕಾಯುತ್ತಾರೆ. ಒಮ್ಮೆ ಅರ್ಧ ದಿನ ಕಾದೆವು. ಯಾರೂ ಗೊಣಗಲಿಲ್ಲ. ಚಹಾ ಮೂರು ಸುತ್ತು ಆಯಿತು.

ನೀರು ಇಳಿದ ಮೇಲೆ ಹೋದರೆ ಏನಾಗುತ್ತದೆ ಅಂತಲೂ ಕಂಡಿದ್ದೇನೆ. 2010ರಲ್ಲಿ ಕೆಲಸದ ಗಡಿಬಿಡಿಯಲ್ಲಿ ಜನವರಿ ಕೊನೆಗೆ ಹೊರಟೆ. ಟಿಂಬಕ್ಟು ಕಡೆ ನೀರು ತುಂಬಿತ್ತು, ಆದರೆ ಮೊಪ್ಟಿ ಕಡೆ ಆಗಲೇ ಬತ್ತುತ್ತಿತ್ತು. ಎರಡನೇ ದಿನ ದೋಣಿ ಮರಳದಿಬ್ಬಕ್ಕೆ ಹತ್ತಿತು. ಗಂಡಸರೆಲ್ಲ ಸೊಂಟದವರೆಗಿನ ನೀರಿಗೆ ಇಳಿದೆವು. ಒಬ್ಬ ಕೂಗುತ್ತಿದ್ದ, ಉಳಿದವರು ಒಂದೇ ಸಲ ಭುಜ ಕೊಡುತ್ತಿದ್ದರು. ಅರ್ಧ ಮಾರು ಸರಿಯುತ್ತಿತ್ತು. ಸಾಮಾನನ್ನು ಸಣ್ಣ ದೋಣಿಗಳಿಗೆ ಇಳಿಸಿ ಮತ್ತೆ ಹೇರಿ, ಎರಡು ದಿನ ಅಲ್ಲೇ ಹೋಯಿತು. ನಮ್ಮ ಜೊತೆ ಒಬ್ಬ ಬಸುರಿ ಹೆಂಗಸಿದ್ದಳು, ಡಿರೆ ಎಂಬ ಊರಿನ ತವರಿಗೆ ಹೊರಟವಳು. ಆ ಎರಡು ದಿನ ನಮ್ಮೆಲ್ಲರ ಕಣ್ಣು ಅವಳ ಮೇಲೇ. ಸುಖವಾಗಿ ಇಳಿದಳು.

ಟಿಂಬಕ್ಟು ಊರು ಹೊಳೆಯ ಮೇಲಿಲ್ಲ, ಅದು ನಿಮಗೆ ಗೊತ್ತೇ ಇರುತ್ತದೆ. ಕೊರಿಯೂಮೆ ಎಂಬ ಘಟ್ಟದಲ್ಲಿ ಇಳಿದು ಸುಮಾರು 18 ಕಿ.ಮೀ. ರಸ್ತೆ. ನೀರು ಚೆನ್ನಾಗಿದ್ದ ಕಾಲದಲ್ಲಿ ಕಬಾರಾ ಎಂಬ ಇನ್ನೂ ಹತ್ತಿರದ ಹಳೆ ಘಟ್ಟದವರೆಗೆ ದೋಣಿ ಹೋಗುತ್ತಿತ್ತು. ಊರಿನ ಬಗ್ಗೆ ಇಲ್ಲಿ ಜಾಸ್ತಿ ಬರೆಯುವುದಿಲ್ಲ, ನೀವು ಕೇಳಿದ್ದು ದೋಣಿ.

ನನ್ನನ್ನು ಕರೆದುಕೊಂಡು ಹೋದ ಬೋಜೊ ಅಂಬಿಗರಲ್ಲಿ ಈಗಲೂ ಒಂದಿಬ್ಬರ ಜೊತೆ ಮಾತಿದೆ. ಪ್ರವಾಸಿಗರು ನಿಂತು ವರ್ಷಗಳಾದವು. ಸರಕು ಸಾಗಿಸುವವರು ಜೀವ ಕೈಯಲ್ಲಿ ಹಿಡಿದು ಸಾಗಿಸುತ್ತಿದ್ದಾರೆ. ಅವರಿಗೆ ಬೇರೆ ದಾರಿಯಿಲ್ಲ, ನಮಗಿದೆ. ನಾವು ಹೋದರೆ ನಮ್ಮ ಜೊತೆ ಅವರಿಗೂ ಅಪಾಯ. ಪರದೇಶದವರು ಕೂತ ದೋಣಿಯ ಮೇಲೆ ಕಣ್ಣು ಬೇಗ ಬೀಳುತ್ತದೆ. ನಾನು "ಬೇಡ" ಅನ್ನಲು ಇದೂ ಒಂದು ಕಾರಣ.

ಈಗ ಆ ಇನ್ನೊಂದು ಹೊಳೆ. ಡಕಾರ್‌ನಿಂದ ದಕ್ಷಿಣಕ್ಕೆ ಕಾರಿನಲ್ಲಿ ಒಂದು ದಿನದ ದಾರಿಯಲ್ಲಿ ಗ್ಯಾಂಬಿಯಾ ಇದೆ. ಭೂಪಟದಲ್ಲಿ ಸೆನೆಗಲ್‌ನ ಹೊಟ್ಟೆಯೊಳಗೆ ಬೆರಳಿಟ್ಟ ಹಾಗೆ ಕಾಣುವ ದೇಶ. ಹೊಳೆ ಮತ್ತು ಅದರ ಎರಡು ದಡ, ಇಷ್ಟೇ ದೇಶ. ಅಗಲ ಎಲ್ಲೂ 50 ಕಿ.ಮೀ. ಮೇಲೆ ಹೋಗುವುದಿಲ್ಲ. ಗ್ಯಾಂಬಿಯಾ ಹೊಳೆಯೂ ಗಿನಿಯ ಎತ್ತರದ ನೆಲದಿಂದಲೇ ಬರುತ್ತದೆ, ಉದ್ದ ಸುಮಾರು 1,120 ಕಿ.ಮೀ. ಸ್ಕಾಟ್ಲೆಂಡ್‌ನ ಮಂಗೊ ಪಾರ್ಕ್ ನೈಜರ್ ಹುಡುಕಿಕೊಂಡು 1795ರಲ್ಲಿ ಹೊರಟದ್ದು ಈ ಹೊಳೆಯ ದಡದಿಂದಲೇ. ಮರುವರ್ಷ ಜುಲೈನಲ್ಲಿ ಸೆಗೂವಿನಲ್ಲಿ ನಿಂತು ನೈಜರ್ ಪೂರ್ವಕ್ಕೆ ಹರಿಯುವುದನ್ನು ಕಣ್ಣಾರೆ ಕಂಡ. ಅವನ ನೆನಪಿನ ಕಂಬ ಕರಂತಾಬಾ ತೆಂಡಾ ಎಂಬಲ್ಲಿ ಇದೆ. ನೀವು ಇಷ್ಟಪಟ್ಟರೆ ನೋಡಬಹುದು.

ಅಲ್ಲಿನ ಅಧಿಕೃತ ಭಾಷೆ ಇಂಗ್ಲಿಷ್. ನಿಮಗೆ ಇದು ದೊಡ್ಡ ಅನುಕೂಲ. ಮಾಲಿಯಲ್ಲಿ ಫ್ರೆಂಚ್ ಬಾರದೆ ನಾನು ಮೊದಲ ವರ್ಷ ಬಹಳ ಕಷ್ಟಪಟ್ಟೆ.

ಆದರೆ ಒಂದು ತಿಳಿದಿರಲಿ. ರಾಜಧಾನಿ ಬಂಜುಲ್‌ನಿಂದ ಒಳನಾಡಿನವರೆಗೆ ಹೋಗುವ ಪ್ರಯಾಣಿಕರ ಹಡಗು ಈಗಿಲ್ಲ. 'ಲೇಡಿ ಚಿಲೆಲ್ ಜವಾರಾ' ಎಂಬ ಹಡಗು ಹೊಳೆಯುದ್ದಕ್ಕೂ ಊರೂರಿಗೆ ಟಪಾಲು, ಜನ, ಸಾಮಾನು ಮುಟ್ಟಿಸುತ್ತಿತ್ತು. ಅದು 1984ರಲ್ಲಿ ಮುಳುಗಿತು. ಆಮೇಲೆ ಅದರ ಜಾಗಕ್ಕೆ ಇನ್ನೊಂದು ಬರಲಿಲ್ಲ. ಹಾಗಾಗಿ ರಸ್ತೆಯಲ್ಲಿ ಹೋಗಿ ಮೂರು ನಾಲ್ಕು ಕಡೆ ದೋಣಿ ಹತ್ತುವುದೇ ಈಗಿನ ರೀತಿ. ನಿಮ್ಮ ವಯಸ್ಸಿಗೆ ಇದೇ ಹಿತ ಅಂತ ನನ್ನ ಅಭಿಪ್ರಾಯ. ರಾತ್ರಿ ಮಂಚದ ಮೇಲೆ ಮಲಗಬಹುದು.

ಮೊದಲ ದೋಣಿ ಉತ್ತರದ ದಡದ ಬಾರಾದಿಂದ ಬಂಜುಲ್‌ಗೆ ಹೋಗುವ ಫೆರಿ. ಹೊಳೆ ಅಲ್ಲಿ ಸಮುದ್ರ ಸೇರುವ ಬಾಯಿ, ಸುಮಾರು 5 ಕಿ.ಮೀ. ಅಗಲ. ಆಡು, ಲಾರಿ, ಮದುವೆ ಮನೆಯವರು, ಶಾಲೆ ಮಕ್ಕಳು ಎಲ್ಲರೂ ಒಂದೇ ಫೆರಿಯಲ್ಲಿ. ಪಕ್ಕದಲ್ಲೇ ಬಣ್ಣ ಬಳಿದ ಮರದ ದೋಣಿಗಳೂ ದಾಟಿಸುತ್ತವೆ, ಬೇಗ ಹೋಗುತ್ತವೆ. ಅವು ಬೇಡ. ಜನ ಜಾಸ್ತಿ ತುಂಬುತ್ತಾರೆ, ಅಲೆಯೂ ಇರುತ್ತದೆ. ಫೆರಿಗೇ ಕಾಯಿರಿ.

ಎರಡನೆಯದು ಕುಂಟಾ ಕಿಂಟೆ ದ್ವೀಪ. ಉತ್ತರದ ದಡದ ಜುಫುರೆ, ಅಲ್ಬ್ರೆಡಾ ಊರುಗಳಿಂದ ಸಣ್ಣ ದೋಣಿಯಲ್ಲಿ ಹೋಗಬೇಕು. ಹಿಂದೆ ಇದಕ್ಕೆ ಜೇಮ್ಸ್ ದ್ವೀಪ ಅನ್ನುತ್ತಿದ್ದರು, 2011ರಲ್ಲಿ ಹೆಸರು ಬದಲಾಯಿತು. ಗುಲಾಮರ ವ್ಯಾಪಾರದ ಕಾಲದ ಕೋಟೆಯ ಅವಶೇಷ, ಸುತ್ತ ದಪ್ಪ ಬೊಡ್ಡೆಯ ಬಾವೊಬಾಬ್ ಮರಗಳು. ನೀರು ದ್ವೀಪವನ್ನು ತಿಂದು ತಿಂದು ಈಗ ಸ್ವಲ್ಪವೇ ಉಳಿದಿದೆ. ಅಲ್ಲಿ ಸುಮ್ನೆ ನಿಂತರೂ ಗಂಟಲು ಕಟ್ಟುತ್ತದೆ. ಆ ಪುಟ್ಟ ಜಾಗದಿಂದ ಜನರನ್ನು ಸಂಕೋಲೆಯಲ್ಲಿ ಹಡಗಿಗೆ ಏರಿಸುತ್ತಿದ್ದರು. ಹೊಳೆಯ ಅಗಲ ನೋಡಿದರೆ ಯಾರೂ ಈಜಿ ತಪ್ಪಿಸಿಕೊಳ್ಳಲಾರರು ಅಂತ ಅರ್ಥವಾಗುತ್ತದೆ.

ಮೂರನೆಯದೇ ನನಗೆ ಎಲ್ಲಕ್ಕಿಂತ ಇಷ್ಟ. ದಕ್ಷಿಣ ದಡದ ತೆಂಡಾಬಾ. ಅಲ್ಲಿನ ಮಂಡಿಂಕಾ ಮಾತಿನಲ್ಲಿ ತೆಂಡಾ ಅಂದರೆ ದೋಣಿ ನಿಲ್ಲುವ ಘಟ್ಟ, ಬಾ ಅಂದರೆ ದೊಡ್ಡದು. ದೊಡ್ಡಘಟ್ಟ ಅನ್ನಿ! ಎದುರು ದಡದಲ್ಲಿ ಬಾವೊ ಬೊಲೊಂಗ್ ಎಂಬ ಜೌಗು ಕಾಡು. ಬೊಲೊಂಗ್ ಅಂದರೆ ಹೊಳೆಯ ಸಣ್ಣ ಕವಲು. ಬೆಳಗಿನ ಜಾವ ದೋಣಿ ಹೊಳೆ ದಾಟಿ ಕವಲಿನೊಳಗೆ ನುಗ್ಗುತ್ತದೆ. ಅಂಬಿಗ ಎಂಜಿನ್ ಆರಿಸುತ್ತಾನೆ. ಎರಡೂ ಕಡೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರು ಕಮಾನು ಕಮಾನಾಗಿ ಕೆಸರಿಗೆ ಇಳಿದಿರುತ್ತವೆ. ಬೇರಿನ ಮೇಲೆ ಸಿಂಪಿ ಅಂಟಿರುತ್ತವೆ. ಸಮುದ್ರದ ಹತ್ತಿರದ ಊರುಗಳಲ್ಲಿ ಈ ಸಿಂಪಿ ಕೊಯ್ಯುವುದು ಹೆಂಗಸರ ಕಸುಬು. ಕೈಗೆ ಬಟ್ಟೆ ಸುತ್ತಿಕೊಂಡು ಕೊಡಲಿಯಲ್ಲಿ ಬಿಡಿಸುತ್ತಾರೆ. ತೆಂಡಾಬಾ ಕಡೆ ಹಕ್ಕಿಗಳ ರಾಜ್ಯ. ಬೆಳ್ಳಕ್ಕಿ, ಮಿಂಚುಳ್ಳಿ, ಹೆಜ್ಜಾರ್ಲೆ ಎಲ್ಲ ಕೈಗೆಟುಕುವಷ್ಟು ಹತ್ತಿರ.

ಇಲ್ಲೂ ನೀರೇ ಗಡಿಯಾರ. ಆದರೆ ಇದು ದಿನದ ಗಡಿಯಾರ. ಈ ಹೊಳೆಯ ಪಾತ್ರ ಎಷ್ಟು ಸಪಾಟು ಅಂದರೆ ಸಮುದ್ರದ ಉಬ್ಬರ ಇಳಿತ ಹತ್ತಿರ ಹತ್ತಿರ 300 ಕಿ.ಮೀ. ಒಳಗಿರುವ ಜಂಜನ್‌ಬುರೆಯಲ್ಲೂ ಕಾಣುತ್ತದೆ. ಇಳಿತದಲ್ಲಿ ಕವಲಿಗೆ ಹೋದರೆ ಕೆಸರಲ್ಲಿ ಸಿಕ್ಕಿಕೊಳ್ಳುತ್ತೀರಿ. ಹಿಂದಿನ ಸಂಜೆಯೇ ಅಂಬಿಗನನ್ನು ಕೇಳಿ, "ನಾಳೆ ನೀರು ಎಷ್ಟು ಹೊತ್ತಿಗೆ ತುಂಬುತ್ತದೆ?" ಅಂತ. ಅವನು ಹೇಳಿದ ಹೊತ್ತಿಗೆ ಹೊರಡಿ. ನಾಲ್ಕೂವರೆ ಗಂಟೆ ಅಂದರೆ ನಾಲ್ಕೂವರೆಗೇ.

ಕೊನೆಯದು ಕುಂಟಾವೂರ್. ಅಲ್ಲಿ ನೀರು ಸಿಹಿ, ಮಳೆ ನಿಂತ ಮೇಲಂತೂ. ಕಾಂಡ್ಲಾ ಮುಗಿದು ಎತ್ತರದ ಮರಗಳು ಶುರು. ಒಂದು ಕಾಲಕ್ಕೆ ಸಮುದ್ರದ ಹಡಗುಗಳು ಇಲ್ಲಿಯವರೆಗೆ ಶೇಂಗಾ ತುಂಬಿಕೊಳ್ಳಲು ಬರುತ್ತಿದ್ದವು. ಇಲ್ಲಿಂದ ದೋಣಿಯಲ್ಲಿ ರಿವರ್ ಗ್ಯಾಂಬಿಯಾ ರಾಷ್ಟ್ರೀಯ ಉದ್ಯಾನಕ್ಕೆ ಹೋಗಬಹುದು. ಹೊಳೆ ನಡುವಿನ ದ್ವೀಪಗಳಲ್ಲಿ 1979ರಿಂದ ಚಿಂಪಾಂಜಿಗಳನ್ನು ಬಿಟ್ಟು ಕಾಪಾಡಿದ್ದಾರೆ. ದ್ವೀಪಕ್ಕೆ ಇಳಿಯುವ ಹಾಗಿಲ್ಲ, ದೋಣಿಯಿಂದಲೇ ನೋಡಬೇಕು. ಅದೇ ಸರಿ. ನೀರಾನೆಗಳೂ ಇವೆ, ನೀರಿನ ಮೇಲೆ ಕಿವಿ ಮತ್ತು ಮೂಗು ಮಾತ್ರ. ಮೊರೊಕ್ಕೋದ ಪ್ರಯಾಣಿಕ ಇಬ್ನ್ ಬತೂತ 1350ರ ದಶಕದಲ್ಲಿ ನೈಜರ್ ದಡದಲ್ಲಿ ಇವನ್ನು ಮೊದಲು ಕಂಡಾಗ ಆನೆ ಅಂದುಕೊಂಡನಂತೆ. ಅಂಬಿಗ ದೂರ ಇಟ್ಟರೆ "ಇನ್ನೂ ಹತ್ತಿರ ಹೋಗು" ಅನ್ನಬೇಡಿ. ದೋಣಿ ಮಗುಚುವ ಪ್ರಾಣಿ ಅದು. ಪಕ್ಕದಲ್ಲೇ ವಾಸ್ಸುವಿನ ಕಲ್ಲಿನ ವೃತ್ತಗಳಿವೆ. ಸಮಾಧಿಗಳ ಸುತ್ತ ನೆಟ್ಟ ಕೆಂಪು ಜಂಬಿಟ್ಟಿಗೆ ಕಂಬಗಳು, 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಮೇಡಂಗೂ ಹಿಡಿಸಬಹುದು.

ತಿಂಗಳು: ಆಗಸ್ಟ್ ಇಲ್ಲಿಗೂ ಬೇಡ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ, ಸೊಳ್ಳೆ, ಸೆಕೆ. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಹೋಗಿ. ಎಲ್ಲಾ ಕಡೆ ಅವಸರವಿಲ್ಲದೆ ನೋಡಲು ಎಂಟು ದಿನ ಇಟ್ಟುಕೊಳ್ಳಿ.

ಊಟ: ಅನ್ನ ಎಲ್ಲಾ ಕಡೆ ಸಿಗುತ್ತದೆ. ಶೇಂಗಾ ಅರೆದು ಮಾಡುವ ಗಟ್ಟಿ ಸಾರಿಗೆ ದೊಮೊಡಾ ಅನ್ನುತ್ತಾರೆ, ನಿಮ್ಮ ಬಾಯಿಗೆ ಹೊಂದುತ್ತದೆ. ಆದರೆ ಅದರಲ್ಲಿ ಮಾಂಸ ಅಥವಾ ಮೀನು ಇದ್ದೇ ಇರುತ್ತದೆ. "ಮೀನು ಬೇಡ" ಅಂದರೆ ಮೀನಿನ ತುಂಡು ತೆಗೆದು ಅದೇ ಸಾರು ಬಡಿಸಿಬಿಡಬಹುದು. ಅವರ ತಪ್ಪಲ್ಲ, ಪೂರ್ತಿ ಸಸ್ಯಾಹಾರ ಎನ್ನುವುದು ಅಲ್ಲಿ ರೂಢಿಯಲ್ಲಿಲ್ಲ. ಹಿಂದಿನ ದಿನವೇ ಹೇಳಿ, ಬೇರೆ ಪಾತ್ರೆಯಲ್ಲಿ ಮಾಡಿಸಿಕೊಳ್ಳಿ. ಅವಲಕ್ಕಿ, ಚಟ್ನಿಪುಡಿ ಚೀಲದಲ್ಲಿರಲಿ. ನಾನು ಆರು ವರ್ಷವೂ ಅವೆರಡಿಲ್ಲದೆ ದೋಣಿ ಹತ್ತಿದವನಲ್ಲ.

ಆರೋಗ್ಯದ ವಿಷಯ ದಯವಿಟ್ಟು ಗಮನ ಕೊಟ್ಟು ಓದಿ. ಸೆನೆಗಲ್, ಗ್ಯಾಂಬಿಯಾ ಎರಡೂ ಹಳದಿ ಜ್ವರ ಇರುವ ದೇಶಗಳು. ಅಲ್ಲಿಂದ ವಾಪಸ್ ಬರುವಾಗ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೆ ಪ್ರತ್ಯೇಕವಾಗಿ ಇಡುತ್ತಾರೆ. ಲಸಿಕೆ ಹಾಕಿಸಿದ 10 ದಿನದ ನಂತರವೇ ಪ್ರಮಾಣಪತ್ರಕ್ಕೆ ಬೆಲೆ. ಕೇಂದ್ರ ಸರಕಾರ ಗುರುತಿಸಿದ ಕೆಲವೇ ಕೇಂದ್ರಗಳಲ್ಲಿ ಈ ಲಸಿಕೆ ಸಿಗುತ್ತದೆ, ಮೊದಲೇ ಸಮಯ ಗೊತ್ತು ಮಾಡಿಕೊಳ್ಳಬೇಕು. ಆದರೆ 60 ದಾಟಿದವರು ಇದನ್ನು ಮೊದಲ ಸಲ ಹಾಕಿಸಿಕೊಂಡಾಗ ಅಡ್ಡಪರಿಣಾಮದ ಸಾಧ್ಯತೆ ಚಿಕ್ಕವರಿಗಿಂತ ಜಾಸ್ತಿ. ನಿಮಗೆ 63. ಆದ್ದರಿಂದ ನಿಮ್ಮ ಡಾಕ್ಟರ ಹತ್ತಿರ ಕೂತು, ಇರುವ ಕಾಯಿಲೆ, ತೆಗೆದುಕೊಳ್ಳುವ ಮಾತ್ರೆ ಎಲ್ಲ ಹೇಳಿ, ಅವರು ಹೂಂ ಅಂದ ಮೇಲೆಯೇ ಟಿಕೆಟ್ ಮಾಡಿಸಿ. ಮಲೇರಿಯಾಕ್ಕೆ ಮುಂಚಿತವಾಗಿ ನುಂಗುವ ಮಾತ್ರೆಯನ್ನೂ ಅವರನ್ನೇ ಕೇಳಿ. ಅಲ್ಲಿನ ಮಲೇರಿಯಾ ಜೋರಿನದು. ಇನ್ನು ಕುಂಟಾವೂರ್ ಕಡೆ ಸಿಹಿನೀರಿನಲ್ಲಿ ಕಾಲು ಇಳಿಬಿಟ್ಟು ಕೂರಬೇಡಿ. ನೀರಿನ ಶಂಖದ ಹುಳುವಿನಿಂದ ಹೊರಬರುವ ಒಂದು ಪರೋಪಜೀವಿ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಮೂತ್ರದಲ್ಲಿ ರಕ್ತ ಕಾಣಿಸಿಕೊಳ್ಳಬಹುದು. ಮಾತ್ರೆಯಿಂದ ವಾಸಿಯಾಗುತ್ತದೆ, ಆದರೆ ಯಾಕೆ ಬೇಕು?

ಲೈಫ್ ಜಾಕೆಟ್ ಎರಡು ಇಲ್ಲಿಂದಲೇ ಒಯ್ಯಿರಿ, ನಿಮ್ಮ ಅಳತೆಗೆ ನೋಡಿ ಕೊಂಡದ್ದು. ಹಳ್ಳಿ ಘಟ್ಟಗಳಲ್ಲಿ ಇದ್ದರೂ ಪಟ್ಟಿ ಹರಿದಿರುತ್ತದೆ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ಎರಡು ತಿಂಗಳು ಮುಂಚೆ ಮಗನಿಂದ ವಿಚಾರಿಸಿ. ಬಾರಾ ಘಟ್ಟಕ್ಕೆ ಬೆಳಿಗ್ಗೆ ಬೇಗ ಹೋಗಿ. ಮಧ್ಯಾಹ್ನವಾದರೆ ಲಾರಿಗಳ ಸಾಲು ಉದ್ದವಾಗಿ ಆ ಕಡೆ ದಾಟುವಷ್ಟರಲ್ಲಿ ಕತ್ತಲಾಗುತ್ತದೆ.